ಚೀಟಿಯಲ್ಲಿ ಔಷಧದ ಹೆಸರು ಬರೆಸಿ: ದಾವಣಗೆರೆ ಜಿಲ್ಲಾಡಳಿತಕ್ಕೊಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ದಾವಣಗೆರೆ ಜಿಲ್ಲೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು, ಹಾಗೂ
ಮಾನ್ಯ ಸಹಾಯಕ ಔಷಧ ನಿಯಂತ್ರಕರು, ದಾವಣಗೆರೆ.

ವಿಷಯ: ಕಡಿಮೆ ಬೆಲೆಯ ಔಷಧಿ ಅಂಗಡಿಗಳು ರೋಗಿಗಳ ಉಪಯೋಗಕ್ಕೆ ಬರುವಂತೆ ಮಾಡುವ ಕುರಿತು.

ಮಾನ್ಯರೇ,

ನಾನು ಮೂವತ್ನಾಲ್ಕು ವರ್ಷ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಪಾಠ ಮಾಡಿ ನಿವೃತ್ತನಾದವನು. ನಿಟುವಳ್ಳಿಯಲ್ಲಿ ನನ್ನ ಮನೆ. ಇಂಗ್ಲಿಷ್ ಅಕ್ಷರ ಬಿಡಿಸಿ ಓದಬಲ್ಲ ಹಿರಿಯನೆಂಬ ಕಾರಣಕ್ಕೆ ಓಣಿಯವರು ಮೊದಲೆಲ್ಲ ಬ್ಯಾಂಕಿನ ನೋಟಿಸು, ಪಿಂಚಣಿ ಅರ್ಜಿ, ಮಕ್ಕಳ ಟಿ.ಸಿ. ಹಿಡಿದುಕೊಂಡು ನನ್ನ ಬಳಿ ಬರುತ್ತಿದ್ದರು. ಈಗ ಐದಾರು ವರ್ಷಗಳಿಂದ ಹೆಚ್ಚಾಗಿ ಬರುತ್ತಿರುವುದು ಡಾಕ್ಟರ ಚೀಟಿಗಳು. ಯಾವ ಗುಳಿಗೆ ಊಟಕ್ಕೆ ಮೊದಲು, ಯಾವುದು ಆಮೇಲೆ ಎಂದು ಕೇಳಲು ಬರುತ್ತಾರೆಂದು ಮೊದಮೊದಲು ನಾನು ಭಾವಿಸಿದ್ದೆ. ಕೆಲವರು ಅದನ್ನೇ ಕೇಳುತ್ತಾರೆ. ಆದರೆ ಬಹಳ ಜನ ಕೇಳುವ ಪ್ರಶ್ನೆ ಬೇರೆ ಇದೆ, ಅದಕ್ಕಾಗಿಯೇ ಈ ಪತ್ರವನ್ನು ಬರೆಯುತ್ತಿದ್ದೇನೆ.

ಕಳೆದ ಶ್ರಾವಣದಲ್ಲಿ ಒಂದು ಸಂಜೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವ ಹೆಣ್ಣುಮಗಳೊಬ್ಬಳು ಬಂದು ನಮ್ಮ ಕಟ್ಟೆಯ ಮೇಲೆ ಕುಳಿತಳು. ಐವತ್ತರ ಆಸುಪಾಸಿನ ವಯಸ್ಸು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಚೀಟಿ, ಅದರ ಜೊತೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ. ಚೀಟಿಯಲ್ಲಿ ಐದು ಔಷಧಗಳಿದ್ದವು. ಬಿ.ಪಿ.ಗೆ ಒಂದು, ಶುಗರಿಗೆ ಎರಡು, ಕೊಬ್ಬಿಗೆ ಒಂದು, ಹೊಟ್ಟೆ ಉರಿಗೆ ಒಂದು. ಅವಳು ಕೇಳಿದ್ದು ಇಷ್ಟು: "ಮೇಷ್ಟ್ರೇ, ಇದ್ರಾಗೆ ಯಾವ್ದು ಬಿಟ್ರೆ ನಡೀತತಿ, ನೋಡಿ ಹೇಳ್ರಿ." ಡಬ್ಬಿಯ ಮುಚ್ಚಳ ತೆಗೆದು ತೋರಿಸಿದಾಗ ಒಳಗೆ ಶುಗರಿನ ಗುಳಿಗೆಗಳನ್ನು ಅಡಕತ್ತಿಯಿಂದ ಎರಡೆರಡು ಹೋಳು ಮಾಡಿ ಇಟ್ಟಿದ್ದಳು. ಅಂಚು ಪುಡಿಯಾಗಿ ಡಬ್ಬಿಯ ತಳಕ್ಕೆ ಬಿಳಿಯ ಹಿಟ್ಟು ಅಂಟಿಕೊಂಡಿತ್ತು. ಹದಿನೈದು ದಿನದ ಗುಳಿಗೆಯನ್ನು ಒಂದು ತಿಂಗಳು ನಡೆಸಲು ಅವಳು ಕಂಡುಕೊಂಡ ದಾರಿ ಅದು. ಹೊಟ್ಟೆಯಲ್ಲಿ ನಿಧಾನವಾಗಿ ಕರಗಲೆಂದು ತಯಾರಿಸಿದ ಗುಳಿಗೆಯನ್ನು ಹೀಗೆ ಮುರಿದು ನುಂಗಬಾರದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಅವಳ ಸಂಬಳದ ಲೆಕ್ಕ ಬದಲಾಗುತ್ತಿರಲಿಲ್ಲ.

ಯಾವುದನ್ನೂ ಬಿಡಬಾರದು, ಎಲ್ಲವನ್ನೂ ತೆಗೆದುಕೊಳ್ಳಬೇಕು ಎಂದು ಹೇಳಿ ಕಳಿಸುವುದು ಸುಲಭವಾಗಿತ್ತು. ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ, ಏಕೆಂದರೆ ಅವಳು ತೋರಿಸಿದ ಬಿಲ್ಲಿನಲ್ಲಿ ಹದಿನೈದು ದಿನಕ್ಕೆ 640 ರೂಪಾಯಿ ಇತ್ತು. ಮರುದಿನ ನಾನೇ ಅವಳನ್ನು ಕರೆದುಕೊಂಡು ಸರ್ಕಾರದ ಯೋಜನೆಯಡಿ ಕಡಿಮೆ ಬೆಲೆಗೆ ಔಷಧ ಮಾರುವ ಜನೌಷಧಿ ಕೇಂದ್ರವೊಂದಕ್ಕೆ ಹೋದೆ. ಅಲ್ಲಿ ಕೂತಿದ್ದ ಯುವಕ ಒಳ್ಳೆಯವನು. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದ, ಒಂದೊಂದೇ ಹೆಸರನ್ನು ಮೊಬೈಲಿನಲ್ಲಿ ಹಾಕಿ ಅದರೊಳಗಿನ ಔಷಧ ಯಾವುದೆಂದು ಹುಡುಕಿದ. ನಾಲ್ಕು ಔಷಧ ತನ್ನಲ್ಲಿವೆ ಎಂದ. ಆದರೆ ಚೀಟಿಯಲ್ಲಿ ಬರೆದಿರುವುದು ಕಂಪನಿಗಳು ಇಟ್ಟ ಹೆಸರು, ಅದನ್ನು ಬದಲಿಸಿ ಕೊಡಲು ತನಗೆ ಅಧಿಕಾರವಿಲ್ಲ, ಡಾಕ್ಟರ ಬಳಿ ಹೋಗಿ ಔಷಧದ ಹೆಸರನ್ನೇ ಬರೆಸಿಕೊಂಡು ಬನ್ನಿ ಎಂದು ಚೀಟಿಯನ್ನು ಮರಳಿ ಕೊಟ್ಟ. ನಾವು ಕ್ಲಿನಿಕ್ಕಿಗೆ ಹೋದಾಗ ಹೊರಗೆ ಹೆಸರು ಬರೆದುಕೊಳ್ಳುವವರು, ಮತ್ತೆ ತೋರಿಸಬೇಕಾದರೆ ಮತ್ತೆ ಫೀಸು ಕಟ್ಟಬೇಕು, ಡಾಕ್ಟರ್ ಸಿಗುವುದು ಮುಂದಿನ ಸೋಮವಾರ ಎಂದರು. ಅವಳ ಅರ್ಧ ದಿನದ ಕೂಲಿ ಅಷ್ಟರಲ್ಲಾಗಲೇ ಹೋಗಿತ್ತು. ಕ್ಲಿನಿಕ್ಕಿನ ಕೆಳಗೇ ಇದ್ದ ಮೆಡಿಕಲ್ಲಿನಲ್ಲಿ ಮೂರು ಔಷಧಗಳನ್ನು ಹತ್ತು ದಿನಕ್ಕೆ ಕೊಂಡು, ಉಳಿದೆರಡನ್ನು ಬಿಟ್ಟು ಅವಳು ಮನೆಗೆ ಹೋದಳು. ಯಾವೆರಡನ್ನು ಬಿಡಬೇಕೆಂದು ತೀರ್ಮಾನಿಸಿದ್ದು ಅವಳ ಕೈಯಲ್ಲಿದ್ದ ದುಡ್ಡು.

ಆ ಅಂಗಡಿಯ ಯುವಕನನ್ನು ನಾನು ದೂರುವುದಿಲ್ಲ. 1945ರ ಔಷಧ ನಿಯಮಗಳ 65ನೇ ನಿಯಮದಲ್ಲಿ (11ಎ) ಎಂಬ ಷರತ್ತೊಂದಿದೆ. ಎಚ್ ಮತ್ತು ಎಕ್ಸ್ ಅನುಸೂಚಿಗೆ ಸೇರಿದ ಔಷಧವನ್ನು ವೈದ್ಯರು ಬರೆದಿದ್ದರೆ, ಅದರಲ್ಲಿರುವ ವಸ್ತುವೇ ಇರುವ ಬೇರೊಂದು ತಯಾರಿಕೆಯನ್ನು ಕೂಡ ಅಂಗಡಿಯವರು ಅದರ ಬದಲಿಗೆ ಕೊಡುವಂತಿಲ್ಲ ಎಂದು ಅದು ಹೇಳುತ್ತದೆ. ಬಿ.ಪಿ., ಶುಗರ್, ಹೃದಯ, ಫಿಟ್ಸು, ಮಾನಸಿಕ ಕಾಯಿಲೆ, ಹೀಗೆ ವರ್ಷಗಟ್ಟಲೆ ನುಂಗಬೇಕಾದ ಗುಳಿಗೆಗಳಲ್ಲಿ ಹೆಚ್ಚಿನವು ಚೀಟಿಯ ಮೇಲಷ್ಟೇ ಮಾರಬೇಕಾದ ಆ ಎಚ್ ಅನುಸೂಚಿಯಲ್ಲೇ ಬರುತ್ತವೆ. ನಿಯಮದ ಉದ್ದೇಶವೂ ತಪ್ಪಲ್ಲ, ವೈದ್ಯರು ಬರೆದಿದ್ದನ್ನು ಅಂಗಡಿಯವನು ತನ್ನ ಲಾಭಕ್ಕೆ ಬದಲಿಸಬಾರದು. ಆದರೆ ಅದರ ಪರಿಣಾಮವನ್ನು ತಾವು ಗಮನಿಸಬೇಕು. ಗುಳಿಗೆಯ ಬೆಲೆ ತೀರ್ಮಾನವಾಗುವುದು ಅಂಗಡಿಯ ಕಟ್ಟೆಯ ಮುಂದೆ ಎಂದು ನಾವೆಲ್ಲ ತಿಳಿದಿದ್ದೇವೆ. ಅದಕ್ಕೂ ಮೊದಲೇ, ವೈದ್ಯರ ಕೋಣೆಯಲ್ಲಿ, ಚೀಟಿಯ ಮೇಲೆ ಯಾವ ಹೆಸರು ಬಿತ್ತೋ ಆಗಲೇ ಅದು ತೀರ್ಮಾನವಾಗಿರುತ್ತದೆ. ಜಿಲ್ಲೆಯಲ್ಲಿ ಇನ್ನೂ ಎಷ್ಟು ಅಗ್ಗದ ಅಂಗಡಿಗಳನ್ನು ತೆರೆದರೂ, ಚೀಟಿಯಲ್ಲಿ ಬ್ರ್ಯಾಂಡಿನ ಹೆಸರೊಂದೇ ಇರುವ ತನಕ, ಆ ಅಂಗಡಿಗಳ ಬಾಗಿಲು ನಮ್ಮಂಥವರಿಗೆ ಅರ್ಧ ಮುಚ್ಚಿದಂತೆಯೇ.

ಬ್ರ್ಯಾಂಡಿಗೂ ಔಷಧಕ್ಕೂ ಇರುವ ಅಂತರವನ್ನು ಓಣಿಯವರಿಗೆ ನಾನು ವಿವರಿಸುವುದು ಹೀಗೆ: ಅಕ್ಕಿ ಅಕ್ಕಿಯೇ, ಅದನ್ನು ತುಂಬಿದ ಚೀಲದ ಮೇಲಿನ ಹೆಸರು ಬೇರೆ ಬೇರೆ. ಟೆಲ್ಮಿಸಾರ್ಟನ್ ಎಂಬುದು ಔಷಧ, ಅದನ್ನು ಹತ್ತಾರು ಕಂಪನಿಗಳು ಹತ್ತಾರು ಹೆಸರಿನಲ್ಲಿ ಮಾರುತ್ತವೆ. ಮೆಟ್‌ಫಾರ್ಮಿನ್, ಅಟೋರ್ವಾಸ್ಟಾಟಿನ್, ಪ್ಯಾಂಟೊಪ್ರಜೋಲ್ ಕೂಡ ಹಾಗೆಯೇ. ಜನೌಷಧಿ ಕೇಂದ್ರದಲ್ಲಿ ಚೀಲದ ಹೆಸರಿಗೆ ದುಡ್ಡು ಕೊಡಬೇಕಿಲ್ಲ. ಕೇಂದ್ರ ಸರ್ಕಾರ 2008ರ ನವೆಂಬರಿನಲ್ಲಿ ಅಮೃತಸರದಲ್ಲಿ ಮೊದಲ ಕೇಂದ್ರ ತೆರೆದು ಆರಂಭಿಸಿದ ಈ ಯೋಜನೆಯಲ್ಲಿ, ಒಂದು ಔಷಧದ ಬೆಲೆ ಮಾರುಕಟ್ಟೆಯ ಮೊದಲ ಮೂರು ಬ್ರ್ಯಾಂಡುಗಳ ಸರಾಸರಿ ಬೆಲೆಯ ಅರ್ಧವನ್ನು ಮೀರಬಾರದೆಂಬ ಕಟ್ಟುಪಾಡಿದೆ. ಬಹಳಷ್ಟು ಔಷಧಗಳ ಬೆಲೆ ಅದಕ್ಕಿಂತಲೂ ತೀರಾ ಕಡಿಮೆ ಇದೆ.

ಇದು ನನ್ನ ಮನೆಯಲ್ಲೇ ಸಾಬೀತಾದ ಮಾತು. ನನ್ನ ಹೆಂಡತಿಗೆ ಹದಿನಾಲ್ಕು ವರ್ಷದಿಂದ ಶುಗರ್ ಇದೆ, ಎಂಟು ವರ್ಷದಿಂದ ಬಿ.ಪಿ. ಇದೆ. ತಿಂಗಳಿಗೆ 1,180 ರೂಪಾಯಿ ಆಗುತ್ತಿದ್ದ ಅವಳ ಔಷಧದ ಖರ್ಚು ಜನೌಷಧಿಗೆ ಬದಲಾದ ಮೇಲೆ 260 ರೂಪಾಯಿಗೆ ಇಳಿಯಿತು. ಬದಲಾಯಿಸಿದ್ದು ನಾನಲ್ಲ, ಅವಳ ವೈದ್ಯರು. ಔಷಧದ ಹೆಸರಿನಲ್ಲೇ ಬರೆದುಕೊಡಿ ಎಂದು ಕೇಳಿದಾಗ ಅವರು ಸ್ವಲ್ಪವೂ ಬೇಸರಿಸದೆ, ಅಚ್ಚುಕಟ್ಟಾದ ದೊಡ್ಡಕ್ಷರಗಳಲ್ಲಿ ಬರೆದುಕೊಟ್ಟರು. ಮೂರು ತಿಂಗಳಾದ ಮೇಲೆ ರಕ್ತ ಪರೀಕ್ಷೆ ಮಾಡಿಸಿ ನೋಡಿ, ಹಿಡಿತದಲ್ಲೇ ಇದೆ, ಹೀಗೇ ಮುಂದುವರಿಸಿ ಎಂದರು. ಇಲ್ಲಿ ಒಂದು ಮಾತು ಹೇಳಲೇಬೇಕು. ನಾನು ಮೇಷ್ಟ್ರಾಗಿದ್ದವನು, ಎದುರು ಕುಳಿತು ಕೇಳುವ ಧೈರ್ಯ ನನಗಿತ್ತು. ಭಟ್ಟಿಯ ಹೊಗೆಯಲ್ಲಿ ದಿನವೆಲ್ಲ ನಿಂತು, ಸಂಜೆ ಟೋಕನ್ ಹಿಡಿದು ಕಾದು, ಎರಡು ನಿಮಿಷ ಡಾಕ್ಟರ ಮುಂದೆ ಕುಳಿತು ಎದ್ದು ಬರುವ ಹೆಣ್ಣುಮಗಳಿಗೆ ಆ ಧೈರ್ಯ ಎಲ್ಲಿಂದ ಬರಬೇಕು? ಅಗ್ಗದ ಔಷಧ ಕೇಳಿದರೆ ಡಾಕ್ಟರು ಬೇಸರ ಮಾಡಿಕೊಂಡಾರು, ಸರಿಯಾಗಿ ನೋಡದೆ ಹೋದಾರು ಎಂಬ ಅಂಜಿಕೆ ಅವಳದು. ಕೇಳುವ ಹೊಣೆಯನ್ನು ಅವಳ ಮೇಲೆ ಹೊರಿಸಿದ ವ್ಯವಸ್ಥೆ ನ್ಯಾಯದ್ದಲ್ಲವೆಂದು ನನ್ನ ಅಭಿಪ್ರಾಯ.

ವೈದ್ಯರಿಗೆ ಇದು ಹೊಸ ವಿಷಯವೂ ಅಲ್ಲ. ಔಷಧ ಉದ್ಯಮದ ಅಧ್ಯಯನಕ್ಕೆ ಕೇಂದ್ರ ಸರ್ಕಾರ ನೇಮಿಸಿದ್ದ ಹಾಥಿ ಸಮಿತಿ 1975ರಲ್ಲೇ ಔಷಧಗಳನ್ನು ಬ್ರ್ಯಾಂಡಿನಿಂದ ಮೂಲ ಹೆಸರಿನತ್ತ ತರಬೇಕೆಂದು ಶಿಫಾರಸು ಮಾಡಿತ್ತು. 2002ರ ವೈದ್ಯಕೀಯ ವೃತ್ತಿನಡತೆಯ ನಿಯಮಗಳಲ್ಲಿ ಈ ಸೂಚನೆ ಇತ್ತು, 2016ರ ತಿದ್ದುಪಡಿಯಲ್ಲಿ ಅದನ್ನು ಗಟ್ಟಿಗೊಳಿಸಿ, ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಸೇರಿಸಲಾಯಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2023ರ ಆಗಸ್ಟಿನಲ್ಲಿ ಇನ್ನೂ ಕಟ್ಟುನಿಟ್ಟಾದ ನಿಯಮ ತಂದು, ವೈದ್ಯರ ಸಂಘಗಳ ವಿರೋಧ ಬಂದ ಮೇಲೆ ಅದೇ ತಿಂಗಳಲ್ಲಿ ತಡೆಹಿಡಿಯಿತು. ಹೊಸ ನಿಯಮ ತಡೆಯಲ್ಲಿದ್ದರೂ ಹಳೆಯ ಸೂಚನೆಯ ಆಶಯ ಹಾಗೆಯೇ ಇದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಆರಂಭವಾದಾಗಿನಿಂದ ನಮ್ಮ ಊರಿನಲ್ಲಿ ಓದಿ ಹೊರಬಂದ ವೈದ್ಯರಿಗೆ ಲೆಕ್ಕವಿಲ್ಲ. ಅವರೆಲ್ಲ ಕಾಲೇಜಿನಲ್ಲಿ ಓದುವುದು, ಪರೀಕ್ಷೆ ಬರೆಯುವುದು ಔಷಧದ ಮೂಲ ಹೆಸರಿನಲ್ಲೇ. ಹಾಗೆ ಕಲಿತವರು ಕ್ಲಿನಿಕ್ ತೆರೆದ ಮೇಲೆ ಕಂಪನಿಯ ಪ್ರತಿನಿಧಿ ತಂದು ತೋರಿಸಿದ ಹೆಸರನ್ನೇ ಬರೆಯುವ ರೂಢಿಗೆ ಬೀಳುತ್ತಾರೆಂದರೆ, ಆ ರೂಢಿಯನ್ನು ತಿದ್ದಬಹುದೆಂಬ ನಂಬಿಕೆ ನನಗಿದೆ.

ವೈದ್ಯರು ಎತ್ತುವ ಒಂದು ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಮೂಲ ಹೆಸರು ಮಾತ್ರ ಬರೆದರೆ ಯಾವ ಕಂಪನಿಯ ಗುಳಿಗೆ ಕೊಡಬೇಕೆಂಬ ಆಯ್ಕೆ ಅಂಗಡಿಯವನ ಕೈಗೆ ಹೋಗುತ್ತದೆ, ಅವನು ತನಗೆ ಹೆಚ್ಚು ಲಾಭ ತರುವುದನ್ನು ಕೊಡುತ್ತಾನೆ, ಅದರ ಗುಣಮಟ್ಟಕ್ಕೆ ಹೊಣೆ ಯಾರು ಎಂದು ಅವರು ಕೇಳುತ್ತಾರೆ. ಈ ಪ್ರಶ್ನೆಯಲ್ಲಿ ತಿರುಳಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ, ಅವರಿಗೆ ಏರಿಸಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ರಾಜ್ಯವೇ ತಲ್ಲಣಿಸಿತ್ತು. ಆ ಸುದ್ದಿ ಕೇಳಿದ ನಂತರ ನಮ್ಮ ಓಣಿಯಲ್ಲಿ ಇಬ್ಬರು ಸರ್ಕಾರಿ ಆಸ್ಪತ್ರೆಯ ಗುಳಿಗೆಯನ್ನೇ ಮುಟ್ಟುವುದು ಬಿಟ್ಟರು. ಕಡಿಮೆ ದುಡ್ಡಿನದು ಕಳಪೆಯದು ಎಂಬ ಭಾವನೆ ಜನರಲ್ಲಿ ಬೇರೂರಿದೆ, ಅದನ್ನು ಭಾಷಣದಿಂದ ಕೀಳಲಾಗದು. ಜನೌಷಧಿಗೆ ಬರುವ ಪ್ರತಿ ಬ್ಯಾಚನ್ನು ಮಾನ್ಯತೆ ಪಡೆದ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ ಕಳಿಸಲಾಗುತ್ತದೆ ಎಂದು ಯೋಜನೆಯ ಕಾಗದಗಳು ಹೇಳುತ್ತವೆ. ಕೇಂದ್ರ ಸರ್ಕಾರದ ಔಷಧ ನಿಯಂತ್ರಣ ಸಂಸ್ಥೆ ಗುಣಮಟ್ಟದಲ್ಲಿ ಸೋತ ಔಷಧಗಳ ಪಟ್ಟಿಯನ್ನು ತಿಂಗಳು ತಿಂಗಳೂ ಹೊರಡಿಸುತ್ತದೆ, ಅದರಲ್ಲಿ ದೊಡ್ಡ ಬ್ರ್ಯಾಂಡುಗಳ ಹೆಸರೂ ಬರುವುದುಂಟು. ಇದೆಲ್ಲ ಭಟ್ಟಿಯ ಹೆಣ್ಣುಮಗಳಿಗೆ ತಲುಪುವ ಭಾಷೆಯಲ್ಲಿಲ್ಲ.

ಆದುದರಿಂದ ಸಹಾಯಕ ಔಷಧ ನಿಯಂತ್ರಕರಲ್ಲಿ ನನ್ನ ವಿನಂತಿ ಇದು. ತಮ್ಮ ನಿರೀಕ್ಷಕರು ಜಿಲ್ಲೆಯ ಜನೌಷಧಿ ಕೇಂದ್ರಗಳಿಂದ, ಜನರಿಕ್ ಎಂದರೆ ಮೂಲ ಹೆಸರಿನ ಔಷಧ ಮಾರುವ ಖಾಸಗಿ ಅಂಗಡಿಗಳಿಂದ, ದೊಡ್ಡ ಮೆಡಿಕಲ್ಲುಗಳಿಂದ, ಸರ್ಕಾರಿ ಆಸ್ಪತ್ರೆಯ ಉಗ್ರಾಣಗಳಿಂದ ತೆಗೆಯುವ ಮಾದರಿಗಳ ಪರೀಕ್ಷಾ ಫಲಿತಾಂಶವನ್ನು ಮೂರು ತಿಂಗಳಿಗೊಮ್ಮೆ ಕನ್ನಡದಲ್ಲಿ ಪ್ರಕಟಿಸಬೇಕು. ಯಾವ ಔಷಧ, ಯಾವ ಬ್ಯಾಚು, ಪಾಸೋ ಫೇಲೋ, ಇಷ್ಟು ಸಾಕು. ಸ್ಥಳೀಯ ಪತ್ರಿಕೆಗಳು ಅದನ್ನು ಖಂಡಿತ ಮುದ್ರಿಸುತ್ತವೆ. ಪರೀಕ್ಷೆ ಮಾಡಿಯೂ ಬಾಯಿ ಮುಚ್ಚಿ ಕುಳಿತರೆ ವದಂತಿಯೇ ಗೆಲ್ಲುತ್ತದೆ. ಥೈರಾಯ್ಡ್, ಫಿಟ್ಸು, ರಕ್ತ ತೆಳುವಾಗಿಸುವ ಔಷಧ, ಇಂಥ ಕೆಲವನ್ನು ಒಂದು ತಯಾರಿಕೆಯಿಂದ ಇನ್ನೊಂದಕ್ಕೆ ಬದಲಿಸುವಾಗ ವೈದ್ಯರ ಕಣ್ಗಾವಲು ಬೇಕೇ ಬೇಕು ಎಂಬುದನ್ನೂ ಅದೇ ಪ್ರಕಟಣೆಯಲ್ಲಿ ತಿಳಿಸುವುದು ಒಳಿತು, ಇಲ್ಲವಾದರೆ ಜನ ತಾವಾಗಿಯೇ ಬದಲಿಸಿಕೊಂಡು ತೊಂದರೆಗೆ ಸಿಲುಕುತ್ತಾರೆ.

ಈಗ ರಿಯಾಯಿತಿಯ ವಿಷಯ. ನಮ್ಮ ಊರಿನ ರಸ್ತೆಗಳಲ್ಲಿ ಈಚೆಗೆ ಶೇ 15, ಶೇ 20, ಕೆಲವೆಡೆ ಶೇ 50ಕ್ಕೂ ಮೇಲೆ ರಿಯಾಯಿತಿ ಎಂದು ದೊಡ್ಡ ಫಲಕ ಹಾಕಿದ ಔಷಧಿ ಅಂಗಡಿಗಳು ಹೆಚ್ಚಾಗಿವೆ. ಜನ ಆ ಸಂಖ್ಯೆ ನೋಡಿ ಒಳಗೆ ಹೋಗುತ್ತಾರೆ. ನಾನು ಓಣಿಯ ಮಕ್ಕಳನ್ನು ಕೂರಿಸಿಕೊಂಡು ಇದನ್ನು ಲೆಕ್ಕವಾಗಿ ಮಾಡಿಸಿದ್ದೇನೆ. ಒಂದು ಹಾಳೆ ಗುಳಿಗೆಯ ಮೇಲೆ 150 ರೂಪಾಯಿ ಮುದ್ರಿಸಿದೆ ಎಂದಿಟ್ಟುಕೊಳ್ಳಿ. ಶೇ 20 ಕಳೆದರೆ 120 ರೂಪಾಯಿ. ಅದೇ ಔಷಧ ಪಕ್ಕದ ಜನೌಷಧಿಯಲ್ಲಿ ಯಾವ ರಿಯಾಯಿತಿಯೂ ಇಲ್ಲದೆ 30 ರೂಪಾಯಿಗೆ ಸಿಕ್ಕರೆ, ಫಲಕ ನೋಡಿ ಹೋದವನು 90 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಇನ್ನೊಂದು ಬಗೆಯದೂ ಇದೆ. ಕೆಲವು ಜನರಿಕ್ ಗುಳಿಗೆಗಳ ಮೇಲೂ ಬ್ರ್ಯಾಂಡಿನಷ್ಟೇ ಎಂ.ಆರ್.ಪಿ. ಮುದ್ರಿಸಿರುತ್ತಾರೆ, ಅಂಗಡಿಗೆ ಅದು ಬಹಳ ಕಡಿಮೆಗೆ ಬಂದಿರುತ್ತದೆ, ಅರ್ಧಕ್ಕರ್ಧ ಬಿಟ್ಟುಕೊಟ್ಟೆ ಎಂದು ಹೇಳಿದ ಮೇಲೂ ಅಂಗಡಿಗೆ ದೊಡ್ಡ ಲಾಭವೇ ಉಳಿಯುತ್ತದೆ. ರಿಯಾಯಿತಿ ಕೊಡುವ ಅಂಗಡಿಗಳೆಲ್ಲ ಮೋಸ ಮಾಡುತ್ತವೆಂದು ನಾನು ಹೇಳುತ್ತಿಲ್ಲ. ಬ್ರ್ಯಾಂಡನ್ನೇ ತೆಗೆದುಕೊಳ್ಳಬೇಕಾದವರಿಗೆ ಅವುಗಳಿಂದ ನಿಜವಾದ ಉಪಕಾರವಿದೆ. ಆದರೆ ಎಷ್ಟು ಬಿಟ್ಟರು ಎಂಬುದಕ್ಕಿಂತ ಕೊನೆಗೆ ಎಷ್ಟು ಕೊಟ್ಟೆ ಎಂಬುದನ್ನು ನೋಡಬೇಕೆಂದು ಜನರಿಗೆ ತಿಳಿಸಿಕೊಡುವವರು ಬೇಕು. ಒಂದೇ ಔಷಧದ ಬೇರೆ ಬೇರೆ ಬ್ರ್ಯಾಂಡುಗಳ ಬೆಲೆ ತೋರಿಸುವ ಫಾರ್ಮಾ ಸಹಿ ದಾಮ್, ಹತ್ತಿರದ ಕೇಂದ್ರವನ್ನೂ ಅಲ್ಲಿನ ಬೆಲೆಯನ್ನೂ ತೋರಿಸುವ ಜನೌಷಧಿ ಸುಗಮ್ ಎಂಬ ಸರ್ಕಾರದ್ದೇ ಆ್ಯಪುಗಳಿವೆ. ಆಶಾ ಕಾರ್ಯಕರ್ತೆಯರಿಗೆ ಒಂದು ದಿನ ಇವುಗಳ ಬಳಕೆ ಕಲಿಸಿದರೆ ಅವರು ಮನೆಮನೆಗೆ ಮುಟ್ಟಿಸುತ್ತಾರೆ. ಅವರ ಮೇಲೆ ಈಗಾಗಲೇ ಇರುವ ಹೊರೆ ನನಗೆ ಗೊತ್ತು. ಆದ್ದರಿಂದ ಈ ಕೆಲಸಕ್ಕೆ ಪ್ರತ್ಯೇಕ ಗೌರವಧನ ಕೊಡಬೇಕು.

ಸರ್ಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತವಾಗಿರುವಾಗ ಇದೆಲ್ಲ ಏಕೆ ಎಂದು ತಾವು ಕೇಳಬಹುದು. 2025ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ಆಸ್ಪತ್ರೆಗಳ ಆವರಣದಲ್ಲಿದ್ದ ಜನೌಷಧಿ ಕೇಂದ್ರಗಳನ್ನು ಮುಚ್ಚಲು ಆದೇಶಿಸಿದಾಗ ಕೊಟ್ಟ ಕಾರಣವೂ ಅದೇ ಆಗಿತ್ತು. ಆ ಆದೇಶದ ವಿರುದ್ಧ ಕೇಂದ್ರ ನಡೆಸುವವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋದರು. ಅದರ ರಾಜಕೀಯ ನನಗೆ ಬೇಡ. ಉಚಿತವಾಗಿ ಕೊಡುವುದಕ್ಕಿಂತ ಒಳ್ಳೆಯದು ಬೇರೆ ಇಲ್ಲವೆಂಬುದನ್ನು ನಾನು ಮನಸಾರೆ ಒಪ್ಪುತ್ತೇನೆ, ನಮ್ಮ ಓಣಿಯ ಎಷ್ಟೋ ಮನೆಗಳು ಆ ಉಚಿತ ಗುಳಿಗೆಯ ಮೇಲೆಯೇ ನಿಂತಿವೆ. ಆದರೆ ಉಗ್ರಾಣದಲ್ಲಿ ಔಷಧ ಮುಗಿದ ದಿನವೊಂದು ಬರುತ್ತದೆ. ಆ ದಿನ ರೋಗಿಯ ಕೈಗೆ ಬರುವ ಹೊರಗಿನ ಚೀಟಿಯಲ್ಲಿ ಯಾವ ಹೆಸರು ಇರುತ್ತದೆ ಎಂಬುದೇ ನನ್ನ ಪ್ರಶ್ನೆ. ನಾನು ನೋಡಿದ ಅಂಥ ಹಲವು ಚೀಟಿಗಳಲ್ಲಿ ಬ್ರ್ಯಾಂಡಿನ ಹೆಸರೇ ಇತ್ತು, ಕೆಲವು ತುಂಡು ಕಾಗದದ ಮೇಲೆ ಬರೆದವು, ಬರೆದವರ ಸಹಿ ಕೂಡ ಇರಲಿಲ್ಲ. ಜಗಳೂರು ಕಡೆಯ ಹಳ್ಳಿಯಿಂದ ಐವತ್ತು ಕಿಲೋಮೀಟರು ಬಸ್ಸಿನಲ್ಲಿ ಬಂದು, ಮಧ್ಯಾಹ್ನದ ತನಕ ಸಾಲಿನಲ್ಲಿ ನಿಂತವನು ಅಂಥ ತುಂಡು ಕಾಗದ ಹಿಡಿದು ಸಂಜೆಯ ಬಸ್ಸಿಗೆ ಮೊದಲು ಎಷ್ಟು ಅಂಗಡಿ ಸುತ್ತಬಲ್ಲ?

ಜಿಲ್ಲಾಧಿಕಾರಿಗಳಿಗೆ ಇದನ್ನು ಸರಿಪಡಿಸಲು ಬೆಂಗಳೂರು, ದೆಹಲಿಗಳ ಅಪ್ಪಣೆಗೆ ಕಾಯಬೇಕಿಲ್ಲ ಎನ್ನುವುದಕ್ಕೆ ಒಂದು ಉದಾಹರಣೆ ಇದೆ. ರಾಜಸ್ಥಾನದ ಚಿತ್ತೋರ್‌ಗಢ ಜಿಲ್ಲೆಯಲ್ಲಿ 2009ರ ಸುಮಾರಿಗೆ ಜಿಲ್ಲಾಧಿಕಾರಿಯಾಗಿದ್ದ ಡಾ. ಸಮಿತ್ ಶರ್ಮಾ ಸ್ವತಃ ವೈದ್ಯರು. ಸರ್ಕಾರಿ ವೈದ್ಯರು ಔಷಧದ ಮೂಲ ಹೆಸರನ್ನೇ ಬರೆಯುವಂತೆ ಅವರು ಮಾಡಿದರು, ಗ್ರಾಹಕರ ಸಹಕಾರಿ ಭಂಡಾರದ ಅಂಗಡಿಗಳ ಮೂಲಕ ಆ ಔಷಧಗಳನ್ನು ಕಡಿಮೆ ಬೆಲೆಗೆ ಮಾರಿಸಿದರು. ಚೀಟಿ ಮತ್ತು ಅಂಗಡಿ ಎರಡನ್ನೂ ಒಟ್ಟಿಗೆ ಹಿಡಿದದ್ದರಿಂದ ಆ ಕೆಲಸ ನೆಲೆಯೂರಿತು. 2011ರ ಅಕ್ಟೋಬರ್ 2ರಂದು ರಾಜಸ್ಥಾನ ಸರ್ಕಾರ ಇಡೀ ರಾಜ್ಯಕ್ಕೆ ಉಚಿತ ಔಷಧ ಯೋಜನೆ ತಂದಾಗ ಅದರ ಮುಂದಾಳುಗಳಲ್ಲಿ ಅವರೂ ಒಬ್ಬರಾಗಿದ್ದರು. ನಮ್ಮಲ್ಲಿ ಅಂಗಡಿ ಇದೆ, ಚೀಟಿ ಮಾತ್ರ ಹಳೆಯ ದಾರಿಯಲ್ಲೇ ನಡೆದಿದೆ.

ಹೀಗಾಗಿ ಜಿಲ್ಲಾಡಳಿತ ಮಾಡಬೇಕಾದ ಮೊದಲ ಕೆಲಸ, ಜಿಲ್ಲಾ ಆಸ್ಪತ್ರೆಯಿಂದ ಹಿಡಿದು ಹರಿಹರ, ಜಗಳೂರು, ಚನ್ನಗಿರಿ, ಹೊನ್ನಾಳಿಯ ತಾಲ್ಲೂಕು ಆಸ್ಪತ್ರೆಗಳು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ತನಕ ಎಲ್ಲ ಸರ್ಕಾರಿ ಹೊರರೋಗಿ ಚೀಟಿಗಳಲ್ಲಿ ಔಷಧದ ಮೂಲ ಹೆಸರು ದೊಡ್ಡಕ್ಷರದಲ್ಲಿ ಬರುವಂತೆ ನೋಡಿಕೊಳ್ಳುವುದು, ಹೊರಗೆ ಕೊಳ್ಳಲೇಬೇಕಾದ ದಿನ ತುಂಡು ಕಾಗದದಲ್ಲಿ ಬರೆಯುವುದನ್ನು ನಿಲ್ಲಿಸುವುದು, ಮತ್ತು ತಿಂಗಳಿಗೊಮ್ಮೆ ಆಯ್ದ ನೂರು ಚೀಟಿಗಳನ್ನು ಆರೋಗ್ಯಾಧಿಕಾರಿಗಳು ತರಿಸಿಕೊಂಡು ಓದುವುದು. ಆದೇಶ ಹೊರಡಿಸಿ ಮರೆತರೆ ಏನೂ ಆಗುವುದಿಲ್ಲ. ಚೀಟಿಯನ್ನು ಯಾರೋ ಮೇಲಿನವರು ಓದುತ್ತಾರೆಂದು ಗೊತ್ತಾದರೆ ಕೈಬರಹ ತಾನಾಗಿಯೇ ಸುಧಾರಿಸುತ್ತದೆ, ನಾನಿದನ್ನು ಶಾಲೆಯ ಕಾಪಿಪುಸ್ತಕಗಳಲ್ಲಿ ಮೂವತ್ನಾಲ್ಕು ವರ್ಷ ಕಂಡಿದ್ದೇನೆ.

ಖಾಸಗಿ ವೈದ್ಯರ ಮೇಲೆ ತಮ್ಮ ಆದೇಶ ನಡೆಯದು, ಅದು ನನಗೆ ಗೊತ್ತು. ಅವರಲ್ಲಿ ಕೇಳಬೇಕಾದದ್ದು ಬಹಳ ಚಿಕ್ಕ ವಿಷಯ. ತಮಗೆ ನಂಬಿಕೆ ಇರುವ ಬ್ರ್ಯಾಂಡನ್ನು ಅವರು ಬರೆಯಲಿ, ಬೇಡವೆನ್ನುವುದಿಲ್ಲ. ಅದರ ಕೆಳಗೆ ಔಷಧದ ಮೂಲ ಹೆಸರನ್ನೂ ಬರೆದು, ಎರಡರಲ್ಲಿ ಯಾವುದನ್ನಾದರೂ ಕೊಡಬಹುದು ಎಂಬ ಒಂದು ಸಾಲಿನ ಮುದ್ರೆ ಹಾಕಲಿ. ಬದಲಿಸಬಾರದೆಂದು ಅವರಿಗೆ ಅನಿಸಿದ ಔಷಧದ ಮುಂದೆ ಬದಲಿಸಬಾರದು ಎಂದೇ ಬರೆಯಲಿ. ಆಗ ಅಂಗಡಿಯವನಿಗೆ ನಿಯಮ ಮುರಿದ ಭಯವಿಲ್ಲ, ವೈದ್ಯರ ತೀರ್ಮಾನಕ್ಕೆ ಧಕ್ಕೆಯಿಲ್ಲ, ರೋಗಿ ಎರಡನೆಯ ಸಲ ಫೀಸು ಕಟ್ಟಬೇಕಿಲ್ಲ. ತಾವು ವೈದ್ಯರ ಸಂಘದವರನ್ನು, ಔಷಧ ವ್ಯಾಪಾರಿಗಳ ಸಂಘದವರನ್ನು, ಎರಡೂ ವೈದ್ಯಕೀಯ ಕಾಲೇಜುಗಳ ಪ್ರಾಂಶುಪಾಲರನ್ನು ಒಂದು ಮೇಜಿಗೆ ಕರೆದು ಕೂರಿಸಿದರೆ ಇದು ಒಂದು ಮಧ್ಯಾಹ್ನದಲ್ಲಿ ಮುಗಿಯುವ ಮಾತು. ದಾವಣಗೆರೆಯ ವೈದ್ಯರಲ್ಲಿ ಬಡವರ ಕೈಯಿಂದ ಫೀಸು ತೆಗೆದುಕೊಳ್ಳದೆ ಕಳಿಸುವವರನ್ನು ನಾನು ಬಲ್ಲೆ. ಅವರು ಒಪ್ಪುತ್ತಾರೆ, ಉಳಿದವರು ಅವರನ್ನು ನೋಡಿ ಒಪ್ಪುತ್ತಾರೆ. ಕೆಲವು ಕ್ಲಿನಿಕ್ಕುಗಳಲ್ಲಿ ಬರೆದ ಔಷಧ ಕೆಳಗಿನ ಮೆಡಿಕಲ್ ಬಿಟ್ಟರೆ ಊರಿನ ಬೇರಾವ ಅಂಗಡಿಯಲ್ಲೂ ಸಿಗುವುದಿಲ್ಲವೆಂಬ ದೂರು ನನ್ನ ಕಿವಿಗೆ ಬೀಳುತ್ತಲೇ ಇರುತ್ತದೆ, ಅದನ್ನೂ ಆ ಸಭೆಯಲ್ಲಿ ಎತ್ತಬೇಕು. ರೋಗಿಗಳನ್ನು ಆಸ್ಪತ್ರೆಯೊಳಗಿನ ಅಂಗಡಿಯಲ್ಲೇ ಕೊಳ್ಳುವಂತೆ ಮಾಡುವ ವಿಷಯದಲ್ಲಿ ರಾಜ್ಯ ಸರ್ಕಾರಗಳೇ ನೀತಿ ರೂಪಿಸಬೇಕೆಂದು ಸುಪ್ರೀಂ ಕೋರ್ಟ್ 2025ರ ಮಾರ್ಚಿನಲ್ಲಿ ಬಿಟ್ಟುಕೊಟ್ಟಿದೆ.

ಜನೌಷಧಿ ಕೇಂದ್ರಗಳ ಕಡೆಯಿಂದಲೂ ಕೊರತೆಯಿದೆ. ಹೋದಾಗ ಐದರಲ್ಲಿ ಮೂರು ಸಿಗುತ್ತವೆ, ಎರಡಕ್ಕೆ ಮುಂದಿನ ವಾರ ಬನ್ನಿ ಎನ್ನುತ್ತಾರೆ. ಎರಡು ಮೂರು ಔಷಧಗಳನ್ನು ಒಂದೇ ಗುಳಿಗೆಯಲ್ಲಿ ಸೇರಿಸಿ ಮಾಡಿದ್ದನ್ನು ಬರೆದಿದ್ದರೆ ಅದು ಅಲ್ಲಿ ಇಲ್ಲದೆ ಹೋಗುವುದೇ ಹೆಚ್ಚು. ದಮ್ಮಿನವರಿಗೆ ಬೇಕಾದ ಇನ್‌ಹೇಲರ್ ಇವತ್ತು ಇದೆ, ನಾಳೆ ಇಲ್ಲ, ಭಟ್ಟಿಗಳಿರುವ ನಮ್ಮ ಊರಿನಲ್ಲಿ ಅದು ಎಂದೂ ಮುಗಿಯಬಾರದ ವಸ್ತು. ಮಾಲು ಬೆಂಗಳೂರಿನ ಗೋದಾಮಿನಿಂದ ಬರಬೇಕು, ಕೇಂದ್ರ ನಡೆಸುವವರಿಗೆ ಎಂ.ಆರ್.ಪಿ.ಯ ಮೇಲೆ ಶೇ 20ರ ಕಮಿಷನ್ನು, ಹತ್ತು ರೂಪಾಯಿಯ ಹಾಳೆ ಮಾರಿದರೆ ಎರಡು ರೂಪಾಯಿ. ಇಷ್ಟರಲ್ಲಿ ಬಾಡಿಗೆ, ಸಂಬಳ ನೀಗಿಸುವವರು ಹೆಚ್ಚು ದಾಸ್ತಾನು ಇಡಲು ಹಿಂಜರಿಯುವುದು ಸಹಜ. ಜಿಲ್ಲೆಯಲ್ಲಿ ಅತಿ ಹೆಚ್ಚು ಬೇಕಾಗುವ ಮೂವತ್ತು ನಲವತ್ತು ಔಷಧಗಳನ್ನು ಆರೋಗ್ಯ ಇಲಾಖೆ ಗುರುತಿಸಿ, ಅವು ಸದಾ ಇರುವಂತೆ ಕೇಂದ್ರಗಳೊಡನೆ ಒಪ್ಪಂದಕ್ಕೆ ಬರಬೇಕು. ಇವತ್ತು ಯಾವುದಿದೆ, ಯಾವುದಿಲ್ಲ ಎಂದು ಪ್ರತಿ ಕೇಂದ್ರದ ಬಾಗಿಲಲ್ಲಿ ಕಪ್ಪು ಹಲಗೆಯ ಮೇಲೆ ಕನ್ನಡದಲ್ಲಿ ಬರೆದರೆ ಜಗಳೂರಿನವನಿಗೆ ಒಂದು ಬಸ್ಸು ಚಾರ್ಜು ಉಳಿಯುತ್ತದೆ.

ಈ ಪತ್ರದ ಜೊತೆ ಮೂರು ಕಾಗದಗಳನ್ನು ಲಗತ್ತಿಸಿದ್ದೇನೆ. ಮೊದಲನೆಯದು ನನ್ನ ಹೆಂಡತಿಯ ಹಳೆಯ ಮತ್ತು ಹೊಸ ಚೀಟಿಗಳ ಪ್ರತಿ, ವೈದ್ಯರ ಹೆಸರನ್ನು ಮುಚ್ಚಿದ್ದೇನೆ. ಎರಡನೆಯದು ಎರಡೂ ತಿಂಗಳ ಬಿಲ್ಲು. ಮೂರನೆಯದು ಆಸ್ಪತ್ರೆಗಳ ಹೊರರೋಗಿ ವಿಭಾಗದಲ್ಲಿ ತೂಗುಹಾಕಲು ನಾನೇ ಬರೆದ ಫಲಕದ ಕರಡು. ಬಿ.ಪಿ., ಶುಗರ್, ಕೊಬ್ಬು, ಆಮ್ಲ, ದಮ್ಮು, ಈ ಐದು ತೊಂದರೆಗಳಿಗೆ ಸಾಮಾನ್ಯವಾಗಿ ಬರೆಯುವ ಔಷಧಗಳ ಮೂಲ ಹೆಸರನ್ನು ಕನ್ನಡ ಲಿಪಿಯಲ್ಲಿ, ದೂರದಿಂದ ಕಾಣುವಂತೆ ಬರೆದು, ಕೆಳಗೆ "ಈ ಹೆಸರಿನಲ್ಲಿ ಬರೆದುಕೊಡಿ ಎಂದು ವೈದ್ಯರನ್ನು ಕೇಳುವುದು ತಪ್ಪಲ್ಲ" ಎಂಬ ಸಾಲು ಸೇರಿಸಿದ್ದೇನೆ. ಔಷಧಗಳ ವಿಷಯದಲ್ಲಿ ನಾನು ತಜ್ಞನಲ್ಲ, ಆದ್ದರಿಂದ ಕರಡನ್ನು ತಮ್ಮ ವೈದ್ಯರಿಂದಲೂ ಔಷಧ ನಿರೀಕ್ಷಕರಿಂದಲೂ ತಿದ್ದಿಸಬೇಕೆಂದು ಕೋರುತ್ತೇನೆ. ಅಕ್ಷರ ದುಂಡಗೆ ಬರೆಯಬಲ್ಲೆ. ತಾವು ತಿದ್ದಿ ಕಳಿಸಿದರೆ ಮೊದಲ ಹತ್ತು ಫಲಕಗಳನ್ನು ನನ್ನ ಖರ್ಚಿನಲ್ಲಿ ಬರೆದು ತಂದುಕೊಡುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ,
ನಿಟುವಳ್ಳಿ, ದಾವಣಗೆರೆ